ಮಕ್ಕಳ ಭತ್ಯೆಗೆ ಆದಾಯದ ಮಿತಿ: ತಪ್ಪು ಯಾರದು?

ಮಾನ್ಯರೇ,

ಮಕ್ಕಳ ಪಾಲನೆಗೆಂದು ಸರ್ಕಾರ ಕುಟುಂಬಗಳಿಗೆ ಕೊಡುವ ಮಕ್ಕಳ ಭತ್ಯೆಯನ್ನು ಕುಟುಂಬದ ಆದಾಯ ನೋಡಿ ಕೊಡಬೇಕೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಚರ್ಚೆ ದುಡಿಯುವವರು ಮತ್ತು ಕೆಲಸವಿಲ್ಲದವರ ನಡುವಿನ ಜಗಳವಾಗಿಬಿಡುತ್ತದೆ. ದುಡಿಯುವವರ ದೂರು ಸುಳ್ಳೇನಲ್ಲ. ಸಂಬಳ ತುಸು ಏರಿ ಮಿತಿ ದಾಟಿದೊಡನೆ ಭತ್ಯೆ ಪೂರ್ತಿ ನಿಂತರೆ, ಬಡ್ತಿ ಸಿಕ್ಕ ಮೇಲೂ ಕೈಗೆ ಬರುವ ಹಣ ಮೊದಲಿಗಿಂತ ಕಡಿಮೆಯಾಗಬಹುದು. ಆದರೆ ಈ ನಷ್ಟಕ್ಕೆ ಕಾರಣ ನಿಯಮವೇ ಹೊರತು, ಭತ್ಯೆ ಪಡೆಯುತ್ತಿರುವ ನಿರುದ್ಯೋಗಿ ಕುಟುಂಬವಲ್ಲ.

ಬ್ರಿಟನ್ನಿನ ಉದಾಹರಣೆ ನೋಡಿ. ಅಲ್ಲಿ ಹಿಂದೆ ಆದಾಯ ಲೆಕ್ಕಿಸದೆ ಕೊಡುತ್ತಿದ್ದ ಭತ್ಯೆಯನ್ನು 2013ರ ಜನವರಿಯಿಂದ, ತಂದೆ ಅಥವಾ ತಾಯಿಯಲ್ಲಿ ಒಬ್ಬರ ವಾರ್ಷಿಕ ಆದಾಯ 50,000 ಪೌಂಡ್ ಮೀರಿದರೆ ತೆರಿಗೆಯ ಮೂಲಕ ಹಿಂಪಡೆಯತೊಡಗಿದರು. 60,000 ಮುಟ್ಟಿದರೆ ಪೂರ್ತಿ ವಾಪಸು. ಇದರಿಂದ ತಲಾ 50,000 ಗಳಿಸುವ ದಂಪತಿಗೆ ಭತ್ಯೆ ಉಳಿಯಿತು, ಒಬ್ಬರೇ 60,000 ದುಡಿದು ಸಾಕುವ ಮನೆಗೆ ಒಂದು ಕಾಸೂ ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಈ ಮಿತಿಗಳನ್ನು 60,000 ಮತ್ತು 80,000ಕ್ಕೆ ಏರಿಸಿದರಾದರೂ ಒಬ್ಬರ ಆದಾಯವನ್ನಷ್ಟೇ ಅಳೆಯುವ ಪದ್ಧತಿ ಬದಲಾಗಲಿಲ್ಲ.

ಅಮೆರಿಕದ ಅನ್ಯಾಯ ಇದಕ್ಕೆ ತದ್ವಿರುದ್ಧ. ಮಕ್ಕಳಿಗಾಗಿ ಕೊಡುವ ತೆರಿಗೆ ರಿಯಾಯಿತಿ ಅಲ್ಲಿ ಗಳಿಕೆಗೆ ತಳುಕು ಹಾಕಿಕೊಂಡಿದ್ದರಿಂದ ಅತಿ ಬಡ ಮನೆಗಳಿಗೇ ಅದು ಪೂರ್ತಿ ದಕ್ಕುತ್ತಿರಲಿಲ್ಲ. 2021ರಲ್ಲಿ ಒಂದು ವರ್ಷದ ಮಟ್ಟಿಗೆ ಆ ಷರತ್ತನ್ನು ತೆಗೆದು, 6 ವರ್ಷದೊಳಗಿನ ಮಗುವಿಗೆ 3,600 ಡಾಲರ್‌ವರೆಗೆ ಕೊಟ್ಟರು. ಸರ್ಕಾರಿ ನೆರವು, ತೆರಿಗೆ ರಿಯಾಯಿತಿಗಳನ್ನೂ ಆದಾಯದಲ್ಲಿ ಲೆಕ್ಕಿಸುವ ಸರ್ಕಾರದ ಪೂರಕ ಬಡತನ ಮಾನದಂಡದ ಪ್ರಕಾರ ಮಕ್ಕಳ ಬಡತನ ಆ ವರ್ಷ ಶೇ 5.2ಕ್ಕೆ ಇಳಿದು, ನೆರವು ನಿಂತ ಮರುವರ್ಷ ಶೇ 12.4ಕ್ಕೆ ಏರಿತು. ಕೋವಿಡ್ ಕಾಲದ ಇತರ ಪರಿಹಾರಗಳ ಪಾಲೂ ಇದರಲ್ಲಿತ್ತು, ನಿಜ. ಆದರೂ ಈ ಏರಿಳಿತವನ್ನು ಕಡೆಗಣಿಸುವಂತಿಲ್ಲ.

ಈ ವಾದಗಳಲ್ಲಿ ನಾವು ಮರೆಯುವುದು, ಇಂದಿನ ನಿರುದ್ಯೋಗಿಯೇ ನಾಳೆಯ ತಾತ್ಕಾಲಿಕ ನೌಕರ ಎಂಬುದನ್ನು. ಮೂರು ತಿಂಗಳ ಗುತ್ತಿಗೆ ಕೆಲಸ ಸಿಕ್ಕ ತಾಯಿಯೊಬ್ಬಳು ಅದನ್ನು ಒಪ್ಪಿಕೊಳ್ಳುವ ಮೊದಲು ಭತ್ಯೆ ನಿಲ್ಲುವುದೇ, ಗುತ್ತಿಗೆ ಮುಗಿದ ಮೇಲೆ ಮತ್ತೆ ಅರ್ಜಿ, ಆದಾಯ ಪತ್ರ, ಪರಿಶೀಲನೆ ಎಂದು ಎಷ್ಟು ವಾರ ಕಾಯಬೇಕಾದೀತು ಎಂದು ಲೆಕ್ಕ ಹಾಕಲೇಬೇಕಾಗುತ್ತದೆ. ಆ ಕೆಲಸವನ್ನು ಅವಳು ಬೇಡವೆಂದರೆ ಅವಳನ್ನು ಸೋಮಾರಿ ಎಂದು ಜರೆಯುವುದು ಅನ್ಯಾಯ.

ಎಲ್ಲ ಮಕ್ಕಳಿಗೂ ಒಂದೇ ಮೂಲ ಭತ್ಯೆ ಕೊಟ್ಟು, ಶ್ರೀಮಂತರಿಂದ ಸಾಮಾನ್ಯ ಆದಾಯ ತೆರಿಗೆಯ ಮೂಲಕವೇ ಹಣ ಸಂಗ್ರಹಿಸುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ನ್ಯಾಯಯುತ. ಬೊಕ್ಕಸಕ್ಕೆ ಅದು ಭಾರವೆನಿಸಿದರೆ, ಕೆನಡಾ 2016ರಿಂದ ಮಾಡುತ್ತಿರುವಂತೆ ಇಡೀ ಕುಟುಂಬದ ಆದಾಯವನ್ನು ಪರಿಗಣಿಸಿ, ಅದು ಏರಿದಂತೆಲ್ಲ ಭತ್ಯೆಯನ್ನು ಸ್ವಲ್ಪಸ್ವಲ್ಪವಾಗಿ ಇಳಿಸಲಿ. ಕೆಲಸ ಹೋದವರಿಗೆ ಹೊಸ ಅರ್ಜಿಯ ಅಲೆದಾಟವಿಲ್ಲದೆ ಪೂರ್ತಿ ಮೊತ್ತ ತಾನಾಗಿ ಮರಳುವ ಏರ್ಪಾಡೂ ಅದರೊಂದಿಗೇ ಆಗಬೇಕು.

— ಓರ್ವ ಓದುಗ