ಮಗಳಿಗೊಂದು ಪತ್ರ: ತಾತನ ಸಲಾಕೆ

ಪ್ರೀತಿಯ ಪುಟ್ಟಿ,

ಹೋದ ಭಾನುವಾರ ತಾತನ ವರ್ಷದ ತಿಥಿ ಮುಗಿಯಿತು. ರಜೆ ಸಿಗದೆ ನೀನು ಫೋನಿನಲ್ಲಿ ಅತ್ತದ್ದು ಅಜ್ಜಿಗೆ ತಿಳಿಯದಂತೆ ನೋಡಿಕೊಂಡಿದ್ದೇನೆ. ಆದರೆ ಅಂದು ನೀನು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಉತ್ತರಿಸಲು ನನ್ನಿಂದ ಆಗಲಿಲ್ಲ. ‘ತಾತ ಯುದ್ಧಕ್ಕೆ ಹೋಗಿದ್ದರು ಎಂದು ಎಲ್ಲರೂ ಹೇಳುತ್ತೀರಿ, ಅಲ್ಲಿ ಏನು ಮಾಡಿದರು ಎಂದು ಮಾತ್ರ ಯಾರೂ ಹೇಳುವುದಿಲ್ಲವಲ್ಲಮ್ಮ’ ಎಂದೆ ನೀನು.

ಅದೇ ಪ್ರಶ್ನೆ ಚಿಕ್ಕಂದಿನಲ್ಲಿ ನನ್ನನ್ನೂ ಕಾಡಿತ್ತು. ನಮ್ಮಪ್ಪ ಮಿಲಿಟರಿಯಲ್ಲಿದ್ದಾರೆ ಎಂದು ಶಾಲೆಯಲ್ಲಿ ಜಂಬ ಕೊಚ್ಚಿಕೊಂಡಾಗ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ, ಎಷ್ಟು ಜನರನ್ನು ಹೊಡೆದಿದ್ದಾರೆ ಎಂದು ಕೇಳಿದಳು. ರಜೆಗೆ ಬಂದಿದ್ದ ಅಪ್ಪನ ಮುಂದೆ ಆ ಮಾತು ಇಟ್ಟರೆ, ‘ನಾವು ದಾರಿ ಮಾಡಿಕೊಡುವವರು ಕಣಮ್ಮ’ ಎಂದಷ್ಟೇ ಹೇಳಿ ಬಾಗಿಲಿನ ಚಿಲಕ ಸರಿಮಾಡುವುದನ್ನು ಮುಂದುವರಿಸಿದರು. ದಾರಿ ಮಾಡುವುದೆಂದರೆ ರಸ್ತೆಗೆ ಜಲ್ಲಿ ಹಾಕುವ ಕೂಲಿಯವರ ಕೆಲಸ ಎಂದು ತಿಳಿದುಕೊಂಡು ನಾನು ಮಾರನೆಯ ದಿನ ಆ ಹುಡುಗಿಗೆ ಸುಳ್ಳು ಹೇಳಿದೆ. ಇಪ್ಪತ್ತು ಜನ ಎಂದೆ. ಆ ಸುಳ್ಳು ಈ ವಯಸ್ಸಿನಲ್ಲೂ ನನ್ನನ್ನು ಚುಚ್ಚುತ್ತದೆ.

ತಾತ ಸೇರಿದ್ದು ಬೆಂಗಳೂರಿನ ಹಲಸೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ. 1780ರಷ್ಟು ಹಿಂದೆ ಹುಟ್ಟಿದ ಪಡೆ ಅದು. ಅಲ್ಲಿಯ ಜವಾನರನ್ನು ಸೇನೆಯಲ್ಲಿ ಇಂದಿಗೂ ‘ತಂಬಿ’ ಎಂದೇ ಕರೆಯುತ್ತಾರೆ. 1962ರ ಚೀನಾ ಯುದ್ಧದ ಮರುವರ್ಷ, ಅರಸೀಕೆರೆಯಲ್ಲಿ ರೈಲು ಹತ್ತಿ ಒಂದು ಜೊತೆ ಬಟ್ಟೆಯೊಂದಿಗೆ ಹೋದ ಇವರಿಗೆ ಅಲ್ಲಿ ಬಂದೂಕಿನ ಜೊತೆಗೆ ಬಡಗಿಯ ಉಳಿಯನ್ನೂ ಕೊಟ್ಟರು, ಏಕೆಂದರೆ ಸ್ಯಾಪರ್, ಅಂದರೆ ಎಂಜಿನಿಯರ್ ಪಡೆಯ ಜವಾನ, ಆದವನು ಸೈನಿಕನಾಗುವುದರ ಜೊತೆಗೆ ಸೇತುವೆ ಕಟ್ಟುವುದನ್ನೂ ಒಂದು ಕಸುಬನ್ನೂ ಕಲಿಯಲೇಬೇಕಿತ್ತು. ನೀನು ಮಗುವಾಗಿದ್ದಾಗ ಹಿಡಿದು ನಿಂತ ಹೊಸ್ತಿಲು, ಅಜ್ಜಿಯ ಮಜ್ಜಿಗೆ ಕಡೆಯುವ ಕಂಬ, ನಮ್ಮ ದೇವರ ಗೂಡು, ಎಲ್ಲವೂ ಆ ಉಳಿಯ ಕೆಲಸವೇ.

1971ರ ಡಿಸೆಂಬರಿನಲ್ಲಿ ಅವರಿದ್ದದ್ದು 9ನೇ ಎಂಜಿನಿಯರ್ ರೆಜಿಮೆಂಟಿನಲ್ಲಿ, ಪಶ್ಚಿಮದ ಶಕರ್‌ಗಢ ವಲಯದಲ್ಲಿ. ಬಸಂತರ್ ಎಂಬ ಹೊಳೆಯನ್ನು ನಮ್ಮ ಟ್ಯಾಂಕುಗಳು ದಾಟಬೇಕಿತ್ತು, ಆದರೆ ಪಾಕಿಸ್ತಾನದವರು ಅಲ್ಲಿ ನೆಲದ ತುಂಬ ಮೈನುಗಳನ್ನು, ಅಂದರೆ ಮೇಲೆ ಭಾರ ಬಿದ್ದರೆ ಸಿಡಿಯುವ ಬಾಂಬುಗಳನ್ನು, ಹೂತಿದ್ದರು. ಅವನ್ನು ತೆಗೆದು, ಟ್ಯಾಂಕು ಹೋಗುವಷ್ಟು ಅಗಲದ ದಾರಿಗೆ ಬಿಳಿ ಪಟ್ಟಿ ಕಟ್ಟಿ ಗುರುತು ಮಾಡಿಕೊಡುವುದು ಇವರ ಕೆಲಸ. ಡಿಸೆಂಬರ್ 15ರ ರಾತ್ರಿ ಆ ದಾರಿ ಪೂರ್ತಿಯಾಗುವ ಮೊದಲೇ ಆಚೆ ದಡದ ಕಾಲಾಳುಗಳಿಗೆ ಟ್ಯಾಂಕುಗಳ ಆಸರೆ ತುರ್ತಾಗಿ ಬೇಕಾಯಿತು. ಟ್ಯಾಂಕು ರೆಜಿಮೆಂಟಾದ ಪೂನಾ ಹಾರ್ಸ್‌ನವರು ಉಳಿದ ಮೈನುಗಳ ನಡುವೆಯೇ ಟ್ಯಾಂಕು ನುಗ್ಗಿಸಿದರು. ಮರುದಿನ ಅಲ್ಲಿ ಪ್ರಾಣ ಕೊಟ್ಟ ಇಪ್ಪತ್ತೊಂದು ವರ್ಷದ ಅರುಣ್ ಖೇತರ್‌ಪಾಲರ ಹೆಸರು ನಿನ್ನ ಶಾಲೆಯ ಪುಸ್ತಕದಲ್ಲಿಯೂ ಇದ್ದಿರಬಹುದು. ಮೈನು ತೆಗೆಸುತ್ತಲೇ ಮಡಿದು ಮಹಾವೀರ ಚಕ್ರ ಪಡೆದ, ತಾತನದೇ ರೆಜಿಮೆಂಟಿನ ಮೇಜರ್ ವಿಜಯ್ ರತ್ತನ್ ಚೌಧರಿಯವರ ಹೆಸರು ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ತಾತ ಮಾತ್ರ ಪ್ರತಿ ವರ್ಷ ಡಿಸೆಂಬರಿನಲ್ಲಿ ಒಂದು ಸಂಜೆ ದೇವರ ಮುಂದೆ ಎರಡನೆಯ ದೀಪ ಹಚ್ಚುತ್ತಿದ್ದರು. ಯಾರಿಗೆ ಎಂದು ಅಜ್ಜಿ ಕೇಳಿದರೆ, ‘ನಮ್ಮ ಸಾಹೇಬರಿಗೆ’ ಎನ್ನುತ್ತಿದ್ದರು.

ಯುದ್ಧದ ಬಗ್ಗೆ ನನ್ನೆದುರು ಅವರು ಬಾಯಿಬಿಟ್ಟದ್ದು ಒಂದೇ ಒಂದು ಸಲ, ಅದೂ ಗೆಣಸಿನ ಪಾತಿಯಲ್ಲಿ. ಅವರು ಪಿಂಚಣಿ ಪಡೆದು ಊರಿಗೆ ಬಂದ ಎರಡನೆಯ ವರ್ಷ, ನನಗಾಗ ಹದಿನಾಲ್ಕು. ಸಂಕ್ರಾಂತಿಯ ಹಿಂದಿನ ದಿನ ಗೆಣಸು ಅಗೆಯಲು ನಾನು ಗುದ್ದಲಿ ಹಿಡಿದು ಮೇಲಿನಿಂದ ಬಲವಾಗಿ ಹಾಕಿದೆ. ಮೊದಲ ಏಟಿಗೇ ದೊಡ್ಡ ಗೆಡ್ಡೆಯೊಂದು ಎರಡು ಹೋಳಾಗಿ ಹಾಲು ಸುರಿಸಿತು. ಅಪ್ಪ ಬೈಯಲಿಲ್ಲ. ಕುಲುಮೆಯಲ್ಲಿ ಮಾಡಿಸಿಕೊಂಡಿದ್ದ ಗೇಣುದ್ದದ ಸಣ್ಣ ಸಲಾಕೆಯನ್ನು ತಂದು ಮಂಡಿಯೂರಿ ಕುಳಿತು, ಅದನ್ನು ನೆಲಕ್ಕೆ ಓರೆಯಾಗಿ ಹಿಡಿದು ಮೆಲ್ಲಗೆ ಒಳಕ್ಕೆ ತಳ್ಳಿದರು. ಏನೂ ತಾಗದಿದ್ದರೆ ಹೊರಗೆ ತೆಗೆದು ಎರಡು ಬೆರಳು ಆಚೆ ಮತ್ತೆ ತಳ್ಳುವುದು. ತಾಗಿದ ಕೂಡಲೇ ಕೈ ನಿಂತುಬಿಡುತ್ತಿತ್ತು, ಉಸಿರೂ ನಿಂತಂತೆ ನನಗೆ ಕಂಡಿತು. ಆಮೇಲೆ ಸಲಾಕೆಯನ್ನು ಬದಿಗಿಟ್ಟು, ಮಲಗಿದ ಮಗುವಿನ ಮುಖದ ಮೇಲಿನ ಕೂದಲು ಸರಿಸುವಂತೆ, ಬೆರಳ ತುದಿಯಿಂದ ಮಣ್ಣು ಬಿಡಿಸಿದರು. ‘ಮೇಲಿನಿಂದ ಒತ್ತಬಾರದು, ಪಕ್ಕದಿಂದ ಕೇಳಬೇಕು’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ತಮಗೇ ಹೇಳಿಕೊಳ್ಳುವಂತೆ, ‘ಅವತ್ತು ಚಳಿಗೆ ಬೆರಳು ಮರಗಟ್ಟಿತ್ತು. ಕೈಗವಸು ಹಾಕಿಕೊಂಡರೆ ಕೆಳಗಿರುವುದು ಕಲ್ಲೋ ಮೈನೋ ತಿಳಿಯುತ್ತಿರಲಿಲ್ಲ, ಬಿಚ್ಚಿ ಎಸೆದೆ’ ಎಂದರು. ಅಷ್ಟೇ. ಆ ದಿನ ಒಂದು ಗೆಡ್ಡೆಗೂ ಗಾಯವಾಗಲಿಲ್ಲ, ನಾನು ಕಡಿದದ್ದೊಂದನ್ನು ಬಿಟ್ಟು.

ಮನೆಯಲ್ಲಿಯೂ ಅವರದು ಅದೇ ಕೈ. ಅಜ್ಜಿಗೆ ಮದುವೆಯಾದಾಗ ಅಕ್ಷರ ಬರುತ್ತಿರಲಿಲ್ಲ, ಗಂಡನ ಪತ್ರವನ್ನು ಊರಿನ ಪೋಸ್ಟ್‌ಮ್ಯಾನಿನ ಬಾಯಿಂದ ಕೇಳಬೇಕಿತ್ತು. ವರ್ಷಕ್ಕೊಮ್ಮೆ ಬರುವ ಎರಡು ತಿಂಗಳ ರಜೆಯಲ್ಲಿ ರಾತ್ರಿ ಎಲ್ಲರೂ ಮಲಗಿದ ಮೇಲೆ, ಅತ್ತೆ ಮಾವಂದಿರಿಗೆ ಕೇಳಿಸದಂತೆ, ಅವರು ಅಜ್ಜಿಗೆ ಸ್ಲೇಟಿನ ಮೇಲೆ ತಿದ್ದಿಸಿದರಂತೆ. ಅಜ್ಜಿ ಬರೆದ ಮೊದಲ ಇನ್‌ಲ್ಯಾಂಡ್ ಪತ್ರ ತಾತನ ಹೆಸರು ನಂಬರು ಬರೆದ ಕಪ್ಪು ಟ್ರಂಕಿನ ತಳದಲ್ಲಿ, ಪಶ್ಚಿಮಿ ಸ್ಟಾರ್ ಪದಕದ ಜೊತೆಗೇ, ಅದೇ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ‘ಎಮ್ಮೆ ಕರು ಹಾಕಿದೆ. ಮಳೆ ಇಲ್ಲ. ಮಗು ಅಪ್ಪ ಅನ್ನುತ್ತದೆ. ಬನ್ನಿ.’ ಆ ಮಗು ನಾನು.

ಇನ್ನೊಂದು ವಿಷಯ ನನಗೂ ಅವರು ಹೋದ ಮೇಲೆಯೇ ತಿಳಿಯಿತು. ಮದುವೆ, ಮಕ್ಕಳ ಜನನ ಇವನ್ನೆಲ್ಲ ಸೇನೆಯಲ್ಲಿ ಪಾರ್ಟ್ ಟೂ ಆರ್ಡರ್‌ನಲ್ಲಿ ದಾಖಲಿಸುತ್ತಾರೆ. ಅಜ್ಜಿಯ ಹೆಸರು ಅಲ್ಲಿ ಒಂದು ರೀತಿ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ರೀತಿ ಇತ್ತು. ಇಂಥ ಒಂದಕ್ಷರದ ವ್ಯತ್ಯಾಸಕ್ಕೆ ಕುಟುಂಬ ಪಿಂಚಣಿ ನಿಂತುಹೋಗಿ, ಕೌಂಟರಿನಿಂದ ಕೌಂಟರಿಗೆ ಅಲೆದ ವಿಧವೆಯರನ್ನು ತಾತ ಕಂಡಿದ್ದರು. ಎಪ್ಪತ್ತು ದಾಟಿದ ಮೇಲೆ, ಮಂಡಿನೋವಿನಲ್ಲಿ, ‘ಮಿಲಿಟರಿ ಕ್ಯಾಂಟೀನಿಗೆ ಹೋಗಿಬರುತ್ತೇನೆ’ ಎಂದು ಅಜ್ಜಿಗೆ ಹೇಳಿ ಬೆಂಗಳೂರಿಗೆ ಅವರು ಮತ್ತೆ ಮತ್ತೆ ಹೋದದ್ದು ಆ ಹೆಸರನ್ನು ತಿದ್ದಿಸಲು. ಒಂದು ಕಚೇರಿಯಲ್ಲಿ ಇವರ ಕಡತವನ್ನೇ ಕಳೆದುಹಾಕಿದ್ದರಂತೆ. ಇವರು ಎಲ್ಲದರ ಪ್ರತಿ ಇಟ್ಟುಕೊಂಡಿದ್ದರು. ಅವರು ತೀರಿಕೊಂಡಾಗ ನಾನು ಟ್ರಂಕು ತೆರೆದರೆ, ಪಿಪಿಒ ಎಂಬ ಪಿಂಚಣಿ ಆದೇಶಪತ್ರ, ತಿದ್ದುಪಡಿಯ ಆದೇಶ, ಇಬ್ಬರ ಜೋಡಿ ಫೋಟೊ, ಬ್ಯಾಂಕಿನ ಪಾಸ್‌ಬುಕ್ಕು ಯಾವ ಕ್ರಮದಲ್ಲಿ ಕೊಡಬೇಕೋ ಅದೇ ಕ್ರಮದಲ್ಲಿ ಬಿಳಿ ದಾರ ಕಟ್ಟಿ ಜೋಡಿಸಿಟ್ಟಿದ್ದರು. ಅಜ್ಜಿ ಒಂದು ಬಾರಿಯೂ ಯಾವ ಕೌಂಟರಿನ ಮುಂದೆಯೂ ನಿಲ್ಲಬೇಕಾಗಲಿಲ್ಲ. ಆ ದಾರ ಕಂಡಾಗ ನನಗೆ ನೆನಪಾದದ್ದು ಗೆಣಸಿನ ಪಾತಿ.

ಜನವರಿ 15 ಸೇನಾ ದಿನ. 1949ರಲ್ಲಿ ನಮ್ಮ ಕೊಡಗಿನ ಕಾರ್ಯಪ್ಪನವರು ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದ ದಿನ ಅದು. ಹಬ್ಬವೂ ಅದೂ ಒಟ್ಟಿಗೆ ಬಂದ ವರ್ಷ ತಾತ ಶೇವ್ ಮಾಡಿಕೊಂಡು ಪದಕ ಧರಿಸಿಯೇ ಗೆಣಸು ತಿನ್ನಲು ಕೂರುತ್ತಿದ್ದರು, ಅಜ್ಜಿ ನಗುತ್ತಿದ್ದರು. ಈ ಸಲವೂ ಪಾತಿ ಹಾಕಿದ್ದೇವೆ, ಬಳ್ಳಿ ಚೆನ್ನಾಗಿ ಹಬ್ಬಿದೆ. ಸಲಾಕೆ ಹಿತ್ತಲ ಬಾಗಿಲಿನ ಮೊಳೆಯಲ್ಲಿಯೇ ಇದೆ. ತುಕ್ಕು ಹಿಡಿಯದಿರಲಿ ಎಂದು ಅಜ್ಜಿ ತಿಂಗಳಿಗೊಮ್ಮೆ ಎಣ್ಣೆ ಸವರುತ್ತಾರೆ. ನನಗೆ ಈಗ ಮಂಡಿಯೂರಲು ಆಗುವುದಿಲ್ಲ. ಹಬ್ಬದ ಹಿಂದಿನ ದಿನಕ್ಕೆ ಬರುವಂತೆ ಟಿಕೆಟ್ ಮಾಡಿಸು.

ಇತಿ ನಿನ್ನ
ಅಮ್ಮ