ಮಗಳಿಗೊಂದು ಪತ್ರ: ತೊರೆಯ ಕೆಳಗಿನವರು

ಮಾದಾಪುರ
ಅಕ್ಟೋಬರ್ ಮೊದಲ ವಾರ

ಪ್ರೀತಿಯ ಮಗಳೇ,

ಈ ಸಲದ ಕೊಯ್ಲಿನಿಂದ ನಮ್ಮ ಕಾಫಿ ತೋಟದ ಲೆಕ್ಕಪುಸ್ತಕ ನಿನ್ನ ಕೈಗೆ ಬರುತ್ತದೆ. ಗೊಬ್ಬರ ಎಷ್ಟು, ರೆಂಬೆ ಸವರುವ ಕಪಾತು ಯಾವಾಗ, ಕೂಲಿ ಎಷ್ಟು ಎನ್ನುವುದನ್ನು ತೋಟದ ಲೆಕ್ಕ ಬರೆಯುವ ರೈಟರ್ ಹೇಳಿಕೊಡುತ್ತಾರೆ. ಪುಸ್ತಕದಲ್ಲಿ ಬರೆಯದೆ ಉಳಿಯುವ ಲೆಕ್ಕ ಇನ್ನೊಂದಿದೆ. ನಮ್ಮ ಬೇಲಿ ದಾಟಿ ಆಚೆಗೆ ಏನೇನು ಹೋಗುತ್ತದೆ, ಆಚೆಯಿಂದ ಏನೇನು ಬರುತ್ತದೆ ಎಂಬ ಲೆಕ್ಕ. ಹೋಗುವುದಕ್ಕೆಲ್ಲ ನೀನೇ ಹೊಣೆ. ಬರುವುದರಲ್ಲಿ ಯಾವುದನ್ನು ಸಹಿಸಬೇಕು, ಯಾವುದನ್ನು ಸಹಿಸಬಾರದು ಎಂದು ತೂಗಿ ನೋಡುವುದೂ ನಿನ್ನ ಕೆಲಸವೇ. ಅದಕ್ಕಾಗಿ ಈ ಪತ್ರ.

ಮೊದಲು ನೀರು. ನಮ್ಮ ತೊರೆ ಹಟ್ಟಿಹೊಳೆಗೆ ಸೇರುತ್ತದೆ, ಅಲ್ಲಿಂದ ಹಾರಂಗಿ ಜಲಾಶಯಕ್ಕೆ, ಕೂಡಿಗೆಯ ಹತ್ತಿರ ಕಾವೇರಿಗೆ, ಮುಂದೆ ಕೆಆರ್‌ಎಸ್‌ಗೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತಂದ ತೀರ್ಥವನ್ನು ದೇವರ ಮುಂದೆ ಇಡುತ್ತೇವಲ್ಲ, ಆ ಭಕ್ತಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಚರಂಡಿಯವರೆಗೂ ಬರಬೇಕು. ಪಲ್ಪಿಂಗ್ ನೀರಿನಲ್ಲಿ ಹಣ್ಣಿನ ಸಕ್ಕರೆ, ಲೋಳೆ ತುಂಬಿರುತ್ತದೆ. ಹುಳಿತರೆ ಹುಳಿಯ ಅಳತೆಯಾದ ಪಿಎಚ್ 4ರ ಆಸುಪಾಸಿಗೆ ಇಳಿಯುತ್ತದೆ. ಅದನ್ನು ಹಾಗೆಯೇ ತೊರೆಗೆ ಬಿಟ್ಟರೆ ಸೂಕ್ಷ್ಮಜೀವಿಗಳು ಆ ಸಕ್ಕರೆ ತಿನ್ನುತ್ತಾ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಮುಗಿಸಿಬಿಡುತ್ತವೆ, ಮೀನು ಉಸಿರು ಸಿಗದೆ ಸಾಯುತ್ತದೆ. ಹಣ್ಣಿನ ಕಾಲದಲ್ಲಿ ತೊರೆಯೂ ಸಣಕಲಾಗಿರುತ್ತದೆ. ಮಳೆಗಾಲದ ಹಾಗೆ ಕೊಳೆಯನ್ನು ಕೊಚ್ಚಿಕೊಂಡು ಹೋಗುವಷ್ಟು ನೀರು ಅದರಲ್ಲಿರುವುದಿಲ್ಲ.

ಹಾಗಾಗಿ ಎಷ್ಟು ಹಣ್ಣು ಪಲ್ಪ್ ಮಾಡಬೇಕು ಎನ್ನುವುದನ್ನು ಹಾಗೆ ಸಿಪ್ಪೆ ತೆಗೆದು ಒಣಗಿಸಿದ ಬೀಜವಾದ ಪಾರ್ಚ್‌ಮೆಂಟಿನ ಬೆಲೆ ನೋಡಿ ಮಾತ್ರ ಗೊತ್ತುಮಾಡಬೇಡ, ಕೊಳೆನೀರು ನಿಲ್ಲಿಸುವ ಹೊಂಡದಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂದು ನೋಡಿ ಗೊತ್ತುಮಾಡು. ಉಳಿದ ಹಣ್ಣನ್ನು ಸಿಪ್ಪೆ ಸಮೇತ ಚೆರ್ರಿಯಾಗಿಯೇ ಕಣದಲ್ಲಿ ಒಣಗಿಸು. ಅದಕ್ಕೆ ಹನಿ ನೀರೂ ಬೇಡ. ಬಿಸಿಲು ಚೆನ್ನಾಗಿದ್ದರೆ ಎರಡು ವಾರದ ಆಸುಪಾಸಿನಲ್ಲಿ ಒಣಗುತ್ತದೆ, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಎನ್ನುತ್ತದೆ.

ಪಲ್ಪ್ ಮಾಡುವ ದಿನ ಸಿಪ್ಪೆಯನ್ನು ಜಾಲರಿಯಲ್ಲೇ ತಡೆದು ನೀರಿನಿಂದ ಬೇರೆ ಮಾಡಬೇಕು. ಇದು ತಪ್ಪಿದರೆ ಮುಂದಿನದ್ದೆಲ್ಲ ತಪ್ಪುತ್ತದೆ, ಏಕೆಂದರೆ ಹೊಂಡ ಸಿಪ್ಪೆಯಿಂದಲೇ ತುಂಬಿಹೋಗುತ್ತದೆ. ಅದೇ ದಿನದ ನೀರನ್ನು ಪಲ್ಪರ್‌ಗೆ ಮತ್ತೆ ತಿರುಗಿಸಿ ಬಳಸಬಹುದು. ಆದರೆ ಸಂಜೆಗೆ ಅದನ್ನು ಖಾಲಿ ಮಾಡಿ ತೊಳೆಯಬೇಕು. ರಾತ್ರಿಯಿಡೀ ಹುಳಿತ ನೀರು ಮರುದಿನದ ಬೀಜಕ್ಕೆ ಕೆಟ್ಟ ವಾಸನೆ ಹತ್ತಿಸುತ್ತದೆ. ಆಮೇಲೆ ಸುಣ್ಣ. ಚೀಲವನ್ನು ತೊಟ್ಟಿಗೆ ನೇರ ಸುರಿದರೆ ಅದು ತಳದಲ್ಲಿ ಗಡ್ಡೆಕಟ್ಟಿ ಕೂರುತ್ತದೆ, ಮೇಲಿನ ನೀರು ಹುಳಿಯಾಗಿಯೇ ಉಳಿಯುತ್ತದೆ. ಬಕೆಟ್ಟಿನಲ್ಲಿ ಸುಣ್ಣದ ಹಾಲು ಮಾಡಿಕೊಂಡು ಸ್ವಲ್ಪ ಸ್ವಲ್ಪವೇ ಹಾಕಿ ಕದಡಿಸು, ಪಿಎಚ್ ಕಾಗದ ಅದ್ದಿ ನೋಡು, 7ರ ಹತ್ತಿರ ಬಂದಾಗ ನಿಲ್ಲಿಸು. ಹೆಚ್ಚಾದರೂ ಕಷ್ಟವೇ, ಹೊಂಡದಲ್ಲಿ ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಕೆಲಸ ನಿಲ್ಲಿಸುತ್ತವೆ. ಅಲ್ಲಿಂದ ಆಳದ ಹೊಂಡದಲ್ಲಿ ಮೂರು ವಾರ, ಮುಂದೆ ಗಾಳಿಯಾಡಿಸುವ ಹೊಂಡದಲ್ಲಿ ಒಂದು ವಾರ. ಹೊಂಡದ ತಳಕ್ಕೆ ಜೇಡಿಮಣ್ಣು ಬಡಿದು ಕೂರಿಸಿರಬೇಕು, ಇಲ್ಲವಾದರೆ ನೀರು ಇಂಗಿ ಕೆಳಮನೆಯವರ ಬಾವಿಗೆ ಇಳಿಯುತ್ತದೆ. ಕಣ್ಣಿಗೆ ಕಾಣದೆ ಇಳಿಯುವುದರಿಂದ ಅವರು ನಿನ್ನನ್ನು ಕೇಳಲಿಕ್ಕಿಲ್ಲ. ಅವರು ಕೇಳುವವರೆಗೆ ಕಾಯಬೇಡ, ಕೊಯ್ಲು ಶುರುವಾಗುವ ಮೊದಲೇ ತಳ ನೋಡಿಸು.

ಸಿಪ್ಪೆಯ ರಾಶಿ ತೊರೆಯಿಂದ ದೂರ, ಮಾಡಿನ ಕೆಳಗಿರಲಿ. ಸಗಣಿ, ಮಣ್ಣು ಬೆರೆಸಿ ಪದರಪದರವಾಗಿ ಹಾಕಿ ಆಗಾಗ ತಿರುವಿಹಾಕಿದರೆ ಒಳ್ಳೆಯ ಗೊಬ್ಬರ. ಮೆಣಸಿನ ಬಳ್ಳಿಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದ ಮೇಲೆ ಡ್ರಮ್ಮನ್ನು ತೊರೆಯಲ್ಲಿ ತೊಳೆಯುವ ಅಭ್ಯಾಸವನ್ನೂ ಬಿಡಿಸು. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ವಿಷ. ತೊಳೆದ ನೀರನ್ನು ತೋಟದ ಒಳಗೇ ಚೆಲ್ಲಬೇಕು.

ಹೂಮಳೆ ಬಂದು ವಾರ, ಹತ್ತು ದಿನಕ್ಕೆ ಕಾಫಿ ಹೂವರಳಿ ತೋಟವೆಲ್ಲ ಬೆಳ್ಳಗಾಗುತ್ತದೆ. ಆ ದಿನಗಳಲ್ಲಿ ಯಾವ ಔಷಧಿಯನ್ನೂ ಹೊಡೆಸಬೇಡ. ಅರೇಬಿಕಾ ಕಾಫಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೋಬಸ್ಟಾ ಕಾಫಿಗೆ ಬೇರೆ ಗಿಡದ ಪರಾಗವೇ ಬೇಕು, ಅದನ್ನು ಗಾಳಿ ತರುತ್ತದೆ, ಜೇನು ತರುತ್ತದೆ. ಪಕ್ಕದ ತೋಟದವರ ಜೇನುಪೆಟ್ಟಿಗೆ ನಮ್ಮ ಬೇಲಿಯ ಹತ್ತಿರ ಇದೆ, ಆಳುಗಳಿಗೆ ಕಚ್ಚುತ್ತದೆ ಎಂದು ದೂರು ಬಂದರೆ ಇದನ್ನು ನೆನಪಿಟ್ಟುಕೋ. ಪೆಟ್ಟಿಗೆಯ ಬಾಯಿ ಅತ್ತ ತಿರುಗಿಸಲು ಕೇಳಿಕೊಂಡರೆ ಸಾಕು, ಎತ್ತಿಸಬೇಕಾಗಿಲ್ಲ. ನಿನ್ನ ರೋಬಸ್ಟಾದ ಕಾಯಿಯಲ್ಲಿ ಅವರ ಜೇನಿನ ದುಡಿಮೆಯೂ ಇದೆ.

ಈಗ ಜನರ ಮಾತು. ನಮ್ಮ ಕೊಡಗು ಜಿಲ್ಲೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಕನ್ನಡ, ತುಳು, ಮಲಯಾಳ, ಬ್ಯಾರಿ, ಎರವ, ಕುರುಬ ನುಡಿಗಳು ಒಂದೇ ಸಂತೆಯಲ್ಲಿ ಕೇಳುತ್ತವೆ. ಕುಶಾಲನಗರ ದಾಟಿದರೆ ಬೈಲಕುಪ್ಪೆಯಲ್ಲಿ ಟಿಬೆಟಿಯನ್. ತೋಟದ ಆಳುಗಳು ಇರುವ ಲೈನ್ ಮನೆಗಳಿಗೆ ಈಗ ಅಸ್ಸಾಮಿನಿಂದಲೂ ಜನ ಬರುತ್ತಾರೆ. ಅವರ ಅಡುಗೆಯ ವಾಸನೆ, ಹಾಡು, ಬಟ್ಟೆ, ನಮಾಜು, ಪೂಜೆ ಇವುಗಳ ಬಗ್ಗೆ ಯಾರಾದರೂ ಗೊಣಗಿಕೊಂಡು ಬಂದಾಗ ಒಂದು ಪ್ರಶ್ನೆ ಹಾಕಿಕೋ: ಇದರಿಂದ ಯಾರಿಗಾದರೂ ಕೆಡುಕಾಗುತ್ತಿದೆಯೇ, ಇಲ್ಲ ನಮಗೆ ರೂಢಿಯಿಲ್ಲವೆಂದು ಮಾತ್ರವೇ? ರೂಢಿಯಿಲ್ಲದ್ದಕ್ಕೆ ನಾವು ಒಗ್ಗಿಕೊಳ್ಳಬೇಕು. ಕೆಡುಕಾಗುತ್ತಿದ್ದರೆ ಮಾತಾಡಬೇಕು, ಅದೂ ಅದೇ ದಿನ. ಲೈನಿನಲ್ಲಿ ಹೆಂಡತಿಗೆ ಹೊಡೆಯುವವನ ವಿಷಯದಲ್ಲಿ "ಅದು ಅವರ ಮನೆಯ ಮಾತು" ಎಂದು ಸುಮ್ಮನಾಗುವುದನ್ನು ನಾನು ಸಹನೆ ಎಂದು ಕರೆಯಲಾರೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಎರಡೂ ನಂಬರನ್ನು ಲೈನಿನ ಗೋಡೆಗೆ ದೊಡ್ಡದಾಗಿ ಬರೆಸು.

ಹಣ್ಣಿನ ತೂಕವನ್ನು ಕೊಯ್ದವರ ಎದುರಿಗೇ ಮಾಡು. ತಕ್ಕಡಿ ಸೊನ್ನೆಗೆ ಬಂದದ್ದನ್ನು ಅವರಿಗೆ ತೋರಿಸಿ, ಖಾಲಿ ಚೀಲದ ತೂಕ ಎಷ್ಟು ಕಳೆಯುತ್ತೀ ಎಂದು ಮೊದಲೇ ಹೇಳು, ಅವರ ಚೀಟಿಯಲ್ಲೂ ನಿನ್ನ ಪುಸ್ತಕದಲ್ಲೂ ಒಂದೇ ಅಂಕಿ ಬರೆ. ಜಗಳ ಹೆಚ್ಚಾಗಿ ಶುರುವಾಗುವುದು ಇಲ್ಲೇ, ಆಮೇಲೆ ಅದಕ್ಕೆ ಜಾತಿಯ, ಊರಿನ ಹೆಸರು ಅಂಟಿಕೊಳ್ಳುತ್ತದೆ. ಹೆಸರುಗಳನ್ನು ಸರಿಯಾಗಿ ಕೇಳಿ ಬರೆದುಕೋ, "ಆ ಅಸ್ಸಾಂನವನು" ಎಂದು ಕರೆಯಬೇಡ. 14 ವರ್ಷದೊಳಗಿನ ಮಗುವಿನ ಹೆಸರು ತೂಕದ ಪುಸ್ತಕಕ್ಕೆ ಬರಕೂಡದು. ವಯಸ್ಸಿನ ದಾಖಲೆ ಇಲ್ಲವೆಂದು ಶಾಲೆಯಲ್ಲಿ ಮಗುವನ್ನು ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಹಾಗಿದೆ. ಮೊದಲ ದಿನ ಮಕ್ಕಳ ಜೊತೆ ನೀನೇ ಶಾಲೆಗೆ ಹೋಗು, ಭಾಷೆ ಬಾರದ ತಾಯಿಯನ್ನು ಒಬ್ಬಳೇ ಕಳಿಸಬೇಡ. ಊರಿನ ರೇಷನ್ ಕಾರ್ಡ್ ಇದ್ದವರಿಗೆ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಸಿಗುತ್ತದೆ, ಇದು ಬಹಳ ಜನಕ್ಕೆ ತಿಳಿದಿರುವುದಿಲ್ಲ. ಅಸ್ಸಾಮಿನವರ ಹೊಸವರ್ಷದ ಬಿಹು ಹಬ್ಬ ಏಪ್ರಿಲ್ ಮಧ್ಯದಲ್ಲಿ, ನಮ್ಮ ಬಿಸು ಬರುವಾಗಲೇ. ಈದ್ ಯಾವಾಗ ಎಂದು ಕೇಳಿ ಅದನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕು. ರಜೆಯನ್ನು ಮೊದಲೇ ಹೇಳಿದರೆ ಕೊಯ್ಲಿನ ಲೆಕ್ಕವೂ ತಪ್ಪುವುದಿಲ್ಲ.

ಕಾಫಿ ಕುಡಿಯುವ ಲೋಟ ಎಲ್ಲರಿಗೂ ಒಂದೇ. ಎರವ ಬುಡಕಟ್ಟಿನವರಿಗೆ ಬೇರೆ, ನಮಗೆ ಬೇರೆ ಎಂದು ಇಟ್ಟರೆ ಅದು ಸಂವಿಧಾನದ 17ನೇ ವಿಧಿ ತೊಡೆದುಹಾಕಿದ ಅಸ್ಪೃಶ್ಯತೆಯೇ. ಹಿಂದಿನಿಂದ ಬಂದ ಕ್ರಮ ಎಂದು ಮನೆಯ ಹಿರಿಯರೇ ಹೇಳಿದರೂ ಒಪ್ಪಬೇಡ ಮಗಳೇ. ಅವರ ಮೇಲೆ ಗೌರವ ಇಟ್ಟುಕೊಂಡೇ ಬೇಡ ಎನ್ನಬಹುದು.

ಇನ್ನು ಫೋನು. ಹೊರಗಿನ ಜನ ಬಂದಿದ್ದಾರೆ, ಮಕ್ಕಳನ್ನು ಹೊತ್ತೊಯ್ಯುತ್ತಾರೆ ಎಂಬಂಥ ಸಂದೇಶ ಕೊಯ್ಲಿನ ಕಾಲದಲ್ಲೇ ಹರಿದಾಡಿದರೆ ಅನುಮಾನ ಲೈನಿನವರ ಮೇಲೆ ಬೀಳುತ್ತದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪ್ರವಾಸಿಗರ ಮೇಲೆ ಇಂಥದೇ ವದಂತಿ ನಂಬಿದ ಜನ ಬಿದ್ದು, ಹೈದರಾಬಾದಿನ ಯುವಕನೊಬ್ಬನ ಪ್ರಾಣವೇ ಹೋಯಿತು. ವಾಟ್ಸಾಪ್ ಸಂದೇಶದ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಕೈಯಿಂದ ಕೈಗೆ ಬಹಳ ಸಲ ದಾಟಿ ಬಂದದ್ದು, ಬರೆದವನು ಯಾರೆಂದು ಕಳಿಸಿದವರಿಗೂ ಗೊತ್ತಿರುವುದಿಲ್ಲ. ಊರು, ತಾರೀಕು, ಠಾಣೆಯ ಹೆಸರು ಇದೆಯೇ ನೋಡು. ಇದ್ದರೆ ಆ ಠಾಣೆಗೇ ಫೋನ್ ಮಾಡು. ಇಲ್ಲದಿದ್ದರೆ ಅದು ನಿನ್ನ ಫೋನಿನಲ್ಲೇ ನಿಲ್ಲಲಿ. ಸುಳ್ಳೆಂದು ಗೊತ್ತಾದ ಮೇಲೆ ಅದೇ ಗುಂಪಿನಲ್ಲಿ ನಿನ್ನ ಹೆಸರಿನಲ್ಲೇ ಹಾಗೆಂದು ಬರೆ, ಕಳಿಸಿದವರನ್ನು ಹೀಯಾಳಿಸದೆ. ಹೀಯಾಳಿಸಿದರೆ ಅವರು ಆ ಸುಳ್ಳಿಗೇ ಗಟ್ಟಿಯಾಗಿ ಅಂಟಿಕೊಳ್ಳುತ್ತಾರೆ.

ಮೇಲಿನ ಹೋಂಸ್ಟೇಯ ಹಾಡಿನ ಗಲಾಟೆಗೂ ಇದೇ ದಾರಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. 10ರ ಮೊದಲಿನದ್ದನ್ನು ಸಹಿಸಿಕೋ, ಆಮೇಲಿನದ್ದಕ್ಕೆ ಮೊದಲು ಮಾಲೀಕರಿಗೆ ಹೇಳು, ಕೇಳದಿದ್ದರೆ 112. ನಮ್ಮ ಮನೆಯ ಮದುವೆಯಲ್ಲೂ 10ಕ್ಕೆ ನಿಲ್ಲಿಸಿದ್ದರೆ ಮಾತ್ರ ನಿನ್ನ ಮಾತಿಗೆ ಬೆಲೆ. ಮೇಲಿನ ತೋಟದವರು ಪಲ್ಪಿಂಗ್ ನೀರು ಬಿಟ್ಟರೂ ಹಾಗೆಯೇ. ಪಿಎಚ್ ಕಾಗದ ತೆಗೆದುಕೊಂಡು ಹೋಗಿ ಅವರ ಎದುರಿಗೇ ಅದ್ದಿ ತೋರಿಸು, ನಮ್ಮ ಹೊಂಡ ನೋಡಲು ಕರೆ, ಸುಣ್ಣ ಮುಗಿದಿದ್ದರೆ ಒಂದು ಚೀಲ ಕೊಡು. ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯುವುದು ಅದೆಲ್ಲ ಆದ ಮೇಲೂ ನಿಲ್ಲದಿದ್ದರೆ. ಆಗ ಹಿಂಜರಿಯಬೇಡ.

ಪಿಎಚ್ ಕಾಗದ ಕಚೇರಿ ಮೇಜಿನ ಎಡಗಡೆಯ ಡ್ರಾಯರಿನಲ್ಲಿದೆ. ಡಬ್ಬಿ ಮುಚ್ಚಿಯೇ ಇಡು, ತೇವ ತಾಗಿದರೆ ಬಣ್ಣ ಸುಳ್ಳು ಹೇಳುತ್ತದೆ. ಸುಣ್ಣದ ಚೀಲಗಳು ಗೋದಾಮಿನಲ್ಲಿ, ನೆಲದಿಂದ ಎತ್ತರಕ್ಕೆ ಹಲಗೆಯ ಮೇಲಿವೆ. ಹೊಂಡದ ತಳ ನೋಡಿಸುವುದನ್ನು ಸಂಕ್ರಮಣದೊಳಗೆ ಮುಗಿಸು, ಆಮೇಲೆ ಕೊಯ್ಲಿನ ಗಡಿಬಿಡಿಯಲ್ಲಿ ಆಳು ಸಿಗುವುದಿಲ್ಲ.

ನಿನ್ನ
ಅವ್ವ