ಟ್ಯಾನಿಂಗ್ ಸಲೂನ್: ಭಾನುವಾರದ ಸಭೆಗೆ ಮೊದಲು ಓದಿ

ಸದಸ್ಯರೇ, ನಾವು ಪಾಲು ಹಾಕಿ ಕೊಳ್ಳಬೇಕೆ ಎಂದು ಯೋಚಿಸುತ್ತಿರುವ ಟ್ಯಾನಿಂಗ್ ಸಲೂನಿನ, ಅಂದರೆ ಅತಿನೇರಳೆ ಕಿರಣದ ಯಂತ್ರದಲ್ಲಿ ಮಲಗಿಸಿ ಗಿರಾಕಿಗಳ ಚರ್ಮಕ್ಕೆ ಕಂದುಬಣ್ಣ ತರುವ ಅಂಗಡಿಯ, ಲೆಕ್ಕಪತ್ರವನ್ನು ಎರಡು ಬಾರಿ ತಿರುವಿ ಹಾಕಿದ್ದೇನೆ. ಬೇಸಿಗೆ ರಜೆಗೆ ಮುಂಚಿನ ತಿಂಗಳುಗಳಲ್ಲಿ ಕೈತುಂಬ ಆದಾಯ, ಆಮೇಲೆ ಬರ. ಬಾಡಿಗೆ, ವಿದ್ಯುತ್ ಬಿಲ್ಲು ಮಾತ್ರ ಹನ್ನೆರಡು ತಿಂಗಳೂ ತಪ್ಪುವುದಿಲ್ಲ.

ಯಂತ್ರಗಳ ಹೊಳಪಿಗೆ ಮರುಳಾಗಬೇಡಿ. ಮುಚ್ಚಳ ಎತ್ತಿ, ಗಿರಾಕಿಗಳು ಮಲಗುವ ಅಕ್ರಿಲಿಕ್ ಹಾಳೆಯ ಮೇಲೆ ಬೆರಳಾಡಿಸಿದೆ. ಉದ್ದಕ್ಕೂ ಕೂದಲೆಳೆಯಂಥ ಬಿರುಕುಗಳು. ಕೊಳವೆದೀಪಗಳು ಕಣ್ಣಿಗೆ ಚೆನ್ನಾಗಿಯೇ ಉರಿಯುತ್ತವೆ, ಆದರೆ ಬಳಸಿದಷ್ಟೂ ಅವುಗಳ ಅತಿನೇರಳೆ ಕಿರಣ ಕುಗ್ಗುತ್ತದೆ. ಒಂದೊಂದು ಯಂತ್ರದಲ್ಲೂ ಹತ್ತಾರು ಕೊಳವೆಗಳಿವೆ. ಗಂಟೆ ಎಣಿಸುವ ಮೀಟರ್ ನೋಡದೆ ಬೆಲೆಯ ಮಾತೇ ಬೇಡ.

ನನ್ನನ್ನು ನಿಜವಾಗಿ ಕಾಡುತ್ತಿರುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲಿ ಈ ಯಂತ್ರಗಳನ್ನು ತಂಬಾಕು ಇರುವ ವರ್ಗಕ್ಕೇ, ಅಂದರೆ ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ವರ್ಗಕ್ಕೆ ಸೇರಿಸಿತು. ಬ್ರೆಜಿಲ್ ಅದೇ ವರ್ಷ ನಿಷೇಧಿಸಿತು. ಆಸ್ಟ್ರೇಲಿಯಾದಲ್ಲೂ ವಾಣಿಜ್ಯ ಬಳಕೆ ನಿಂತಿದೆ. ಚಿಕ್ಕ ವಯಸ್ಸಿನಲ್ಲೇ ಶುರು ಮಾಡಿದವರಿಗೆ ಅಪಾಯ ಇನ್ನೂ ಹೆಚ್ಚು. ಹಣ ಎಣಿಸಿಕೊಂಡು ಅವರನ್ನು ಒಳಗೆ ಕಳುಹಿಸಲು ನನ್ನಿಂದ ಆಗದು.

ಕಿರಣಗಳಿಲ್ಲದೆ, ಮೈಮೇಲೆ ದ್ರಾವಣ ಸಿಂಪಡಿಸಿ ಬಣ್ಣ ತರುವ ಸ್ಪ್ರೇ ಟ್ಯಾನಿಂಗ್ ಮಾತ್ರ ನಡೆಸುವುದಾದರೆ ನನ್ನ ಪಾಲು ಹಾಕಲು ಸಿದ್ಧನಿದ್ದೇನೆ. ಅದಕ್ಕೆ ಗಾಳಿಯಾಡುವ ಕೋಣೆ, ಕಣ್ಣು ಮೂಗಿಗೆ ರಕ್ಷಣೆ ಬೇಕು. ಒಪ್ಪಿಗೆಯೋ ಇಲ್ಲವೋ, ಶನಿವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿ.